ಕಪ್ಪು ಬಿಳುಪಿನ ನಡುವೆ ಹನ್ನೊಂದು ಮೆಟ್ಟಿಲು: ಆನ್ಸೆಲ್ ಆಡಮ್ಸ್ ಬದುಕು

ಮೊಬೈಲ್‌ನಲ್ಲಿ ತೆಗೆದ ಗುಡ್ಡದ ಫೋಟೋವನ್ನು ಕಪ್ಪು ಬಿಳುಪು ಮಾಡಿ ನೋಡಿದರೆ ಎಷ್ಟೋ ಸಲ ಎಲ್ಲವೂ ಒಂದೇ ಬೂದು ಬಣ್ಣಕ್ಕೆ ಇಳಿದುಬಿಡುತ್ತದೆ. ಕೆಂಪು ಮಣ್ಣು ಯಾವುದು, ಹಸಿರು ಎಲೆ ಯಾವುದು ಅಂತ ಗೊತ್ತಾಗುವುದಿಲ್ಲ. ಬಣ್ಣ ಬೇರೆಯಾದರೂ ಹೊಳಪು ಒಂದೇ ಆಗಿದ್ದರೆ ಹೀಗೆಯೇ. ಈ ಬೂದುಗಳನ್ನು ಒಂದರಿಂದ ಒಂದು ಬಿಡಿಸುವುದಕ್ಕೇ ಬದುಕು ಸವೆಸಿದವರು ಅಮೆರಿಕದ ಆನ್ಸೆಲ್ ಆಡಮ್ಸ್.

ಹುಟ್ಟಿದ್ದು 1902ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. 1906ರ ಭೂಕಂಪದ ಸಮಯದಲ್ಲಿ ನಾಲ್ಕು ವರ್ಷದ ಹುಡುಗ ತೋಟದ ಗೋಡೆಗೆ ಬಡಿದು ಮೂಗು ಮುರಿದುಕೊಂಡ. ಆ ಸೊಟ್ಟ ಮೂಗು ಕೊನೆಯವರೆಗೂ ಹಾಗೇ ಇತ್ತು. ಶಾಲೆ ಒಗ್ಗಲಿಲ್ಲ, ತಂದೆ ಬಿಡಿಸಿ ಮನೆಯಲ್ಲೇ ಕಲಿಸಿದರು. ಹನ್ನೆರಡನೇ ವಯಸ್ಸಿಗೆ ಪಿಯಾನೋ ಹಿಡಿದ ಹುಡುಗನಿಗೆ ಸಂಗೀತಗಾರನಾಗುವ ಆಸೆ. 1916ರಲ್ಲಿ ಮನೆಯವರ ಜೊತೆ ಯೊಸೆಮಿಟಿ ಕಣಿವೆಗೆ ಹೋದಾಗ ಕೈಗೆ ಬಂದದ್ದು ಕೊಡಾಕ್‌ನ ಸಾದಾ ಬಾಕ್ಸ್ ಕ್ಯಾಮೆರಾ.

1927ರ ಏಪ್ರಿಲ್. ಭಾರದ ಕ್ಯಾಮೆರಾ, ಗಾಜಿನ ಪ್ಲೇಟುಗಳನ್ನು ಹೊತ್ತು ಹಿಮದಲ್ಲಿ ಹತ್ತಿ, ಹಾಫ್ ಡೋಮ್ ಎಂಬ ದೈತ್ಯ ಬಂಡೆಯ ಎದುರು ನಿಂತಾಗ ಉಳಿದದ್ದು ಎರಡೇ ಪ್ಲೇಟು. ಒಂದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ಕೂಡಲೇ ಹೊಳೆಯಿತು: ಇದರಲ್ಲಿ ಆಕಾಶ ಸಾಧಾರಣ ಬೂದಾಗಿ ಬರುತ್ತದೆ, ಬಂಡೆಯ ಗಾಂಭೀರ್ಯ ಸಿಗುವುದಿಲ್ಲ. ಕೊನೆಯ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಕೆಂಪು ಗಾಜು ನೀಲಿ ಬೆಳಕನ್ನು ತಡೆಯುತ್ತದೆ. ಹಾಗಾಗಿ ಆಕಾಶ ಹೆಚ್ಚುಕಡಿಮೆ ಕಪ್ಪಾಯಿತು, ಬಂಡೆಯೂ ಹಿಮವೂ ಎದ್ದು ನಿಂತವು. ಇವತ್ತು ಎಡಿಟಿಂಗ್ ಆ್ಯಪ್‌ನಲ್ಲಿ ನೀಲಿಯ ಸ್ಲೈಡರನ್ನು ಕೆಳಗೆ ಎಳೆದಾಗ ಆಗುವುದೂ ಹೆಚ್ಚುಕಡಿಮೆ ಅದೇ. ವ್ಯತ್ಯಾಸ ಇಷ್ಟೇ, ಅವರಿಗೆ ಎರಡನೇ ಅವಕಾಶ ಇರಲಿಲ್ಲ.

ಪಿಯಾನೋ ಬಿಟ್ಟು ಕ್ಯಾಮೆರಾವನ್ನೇ ನೆಚ್ಚಿಕೊಂಡದ್ದು 1930ರ ನಂತರ. ಲಾಸ್ ಏಂಜಲೀಸ್‌ನಲ್ಲಿ ಪಾಠ ಹೇಳುವಾಗ, 1940ರ ಆಸುಪಾಸಿನಲ್ಲಿ, ಫ್ರೆಡ್ ಆರ್ಚರ್ ಜೊತೆ ಸೇರಿ ಝೋನ್ ಸಿಸ್ಟಮ್ ರೂಪಿಸಿದರು. ಸೊನ್ನೆ ಎಂದರೆ ಅಚ್ಚ ಕಪ್ಪು, ಹತ್ತು ಎಂದರೆ ಕಾಗದದ ಬಿಳುಪು, ನಡುವೆ ಐದು. ಒಂದು ಮೆಟ್ಟಿಲು ಏರಿದರೆ ಬೆಳಕು ಎರಡು ಪಟ್ಟು. ಲೈಟ್ ಮೀಟರಿಗೆ ಎಲ್ಲವೂ ಐದೇ. ಹಿಮ ತೋರಿಸಿದರೂ ಬೂದು ಮಾಡುತ್ತದೆ. ಆದ್ದರಿಂದ ನೆರಳು ಯಾವ ಮೆಟ್ಟಿಲಲ್ಲಿ ಕೂರಬೇಕು ಅಂತ ಮನುಷ್ಯನೇ ಮೊದಲು ತೀರ್ಮಾನಿಸಬೇಕು. ಬಿಳುಪು ಎಲ್ಲಿಗೆ ಏರಬೇಕು ಎಂಬುದನ್ನು ಫಿಲ್ಮ್ ಡೆವಲಪ್ ಮಾಡುವ ಹೊತ್ತು ಹೆಚ್ಚುಕಡಿಮೆ ಮಾಡಿ ಹಿಡಿಯುತ್ತಿದ್ದರು.

1941ರ ಶರತ್ಕಾಲದ ಒಂದು ಸಂಜೆ, ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಹಳ್ಳಿ. ಮೇಲೆ ಚಂದ್ರ, ಕೆಳಗೆ ಸ್ಮಶಾನದ ಶಿಲುಬೆಗಳ ಮೇಲೆ ಕಡೆಯ ಬಿಸಿಲು. ಕಾರು ನಿಲ್ಲಿಸಿ ಹುಡುಕಿದರೆ ಮೀಟರೇ ಸಿಗಲಿಲ್ಲ! ಚಂದ್ರನ ಹೊಳಪಿನ ಲೆಕ್ಕ ಬಾಯಿಪಾಠ ಇತ್ತು, ಅದರ ಮೇಲೆಯೇ ಒಂದು ಫೋಟೋ ತೆಗೆದರು. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಬಿಸಿಲು ಹೋಗಿತ್ತು.

ಚಿತ್ರ ಸಿಕ್ಕಿತು, ಆದರೆ ನೆಗೆಟಿವ್ ಮಹಾ ತಂಟೆಯದು. ಹಳ್ಳಿಯ ಭಾಗ ತೀರಾ ತೆಳುವಾಗಿ ಬಂದಿತ್ತು, ಪೊದೆ ಮನೆ ನೆಲ ಎಲ್ಲ ಒಂದಕ್ಕೊಂದು ಅಂಟಿಕೊಂಡ ಹಾಗೆ. 1948ರಲ್ಲಿ ಆ ಕೆಳಭಾಗವನ್ನು ಮಾತ್ರ ರಾಸಾಯನಿಕದಲ್ಲಿ ಅದ್ದಿ ಗಟ್ಟಿ ಮಾಡಿದರು. ಇದ್ದ ಒಂದೇ ನೆಗೆಟಿವ್, ಕೆಟ್ಟರೆ ಕೆಟ್ಟಿತು! ಅದು ಉಳಿಯಿತು. ಡಾರ್ಕ್‌ರೂಮಿನಲ್ಲಿ ಪ್ರತಿ ಪ್ರಿಂಟಿಗೂ ಒಂದು ಕಡೆ ರಟ್ಟು ಅಡ್ಡ ಹಿಡಿದು ಬೆಳಕು ತಡೆದು, ಇನ್ನೊಂದು ಕಡೆ ಹೆಚ್ಚು ಬೆಳಕು ಬೀಳಿಸಿ ಕಪ್ಪಾಗಿಸಬೇಕಿತ್ತು. ನೆಗೆಟಿವನ್ನು ಅವರು ಸಂಗೀತದ ಸ್ವರಲಿಪಿಗೂ ಪ್ರಿಂಟನ್ನು ಕಛೇರಿಗೂ ಹೋಲಿಸುತ್ತಿದ್ದರು. ಮೊದಲ ಪ್ರಿಂಟುಗಳ ಆಕಾಶದಲ್ಲಿ ತೆಳು ಮೋಡ ಕಾಣುತ್ತದೆ. ಮೂವತ್ತು ವರ್ಷ ಕಳೆದ ಮೇಲಿನವುಗಳಲ್ಲಿ ಅದು ಬಹುತೇಕ ಕಪ್ಪು. ಹಳೆಯದೇ ಚೆಂದ ಅನ್ನುವವರೂ ಇದ್ದಾರೆ, ಅದರಲ್ಲಿ ತಪ್ಪೇನಿಲ್ಲ.

ಬರೀ ಬೆಟ್ಟ ಗುಡ್ಡ ನೋಡುತ್ತ ಕೂತವರಲ್ಲ. ಯುದ್ಧಕಾಲದಲ್ಲಿ ಜಪಾನಿ ಮೂಲದ ಲಕ್ಷಕ್ಕೂ ಹೆಚ್ಚು ಜನರನ್ನು ಅಮೆರಿಕ ಸರ್ಕಾರ ಶಿಬಿರಗಳಿಗೆ ತಳ್ಳಿದಾಗ, 1943ರಲ್ಲಿ ಮಂಝನಾರ್ ಶಿಬಿರಕ್ಕೆ ಹೋಗಿ ಅಲ್ಲಿನವರ ಮುಖಗಳನ್ನು ತೆಗೆದರು. ಮರುವರ್ಷವೇ ಪುಸ್ತಕ ಮಾಡಿದರು, ಯುದ್ಧ ಇನ್ನೂ ಮುಗಿದಿರಲಿಲ್ಲ.

ತಮ್ಮ ವಿದ್ಯೆಯನ್ನು ಗುಟ್ಟಾಗಿಡಲಿಲ್ಲ. ಕ್ಯಾಮೆರಾ, ನೆಗೆಟಿವ್, ಪ್ರಿಂಟ್ ಎಂದು ಮೂರು ಪುಸ್ತಕಗಳಲ್ಲಿ ಎಲ್ಲ ಬಿಡಿಸಿ ಬರೆದಿಟ್ಟರು. 80ರ ಹತ್ತಿರದ ವಯಸ್ಸಿನಲ್ಲೂ ಮುಂದೆ ಎಲೆಕ್ಟ್ರಾನಿಕ್ ಚಿತ್ರಗಳ ಕಾಲ ಬರುತ್ತದೆಂದು ಆಸೆಯಿಂದ ಕಾದಿದ್ದರು. ಆ ಕಾಲ ನೋಡುವ ಮೊದಲೇ, 1984ರ ಏಪ್ರಿಲ್ 22ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ನೆಗೆಟಿವ್‌ಗಳು ಈಗ ಅರಿಝೋನಾ ವಿಶ್ವವಿದ್ಯಾಲಯದಲ್ಲಿ ಅವರೂ ಸೇರಿ 1975ರಲ್ಲಿ ಸ್ಥಾಪಿಸಿದ ಛಾಯಾಚಿತ್ರ ಕೇಂದ್ರದಲ್ಲಿವೆ.