ಆದಿಲಶಾಹಿ ನಾಡಿನ ಪ್ರಥಮ ಧರ್ಮಾಧ್ಯಕ್ಷರು: ಮಾತೇವುಸ್ ದೆ ಕಾಸ್ತ್ರೊ

ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ನಮಗಿಂತ ಮುಂಚೆ ವಿಶ್ವಾಸದ ಬೀಜ ಬಿತ್ತಿದವರನ್ನು ಸ್ಮರಿಸುವುದು ನಮ್ಮ ಕರ್ತವ್ಯವಾಗಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಈ ಸೀಮೆಯು ಹದಿನೇಳನೆಯ ಶತಮಾನದಲ್ಲಿ ವಿಜಾಪುರದ ಆದಿಲಶಾಹಿ ರಾಜ್ಯಕ್ಕೆ ಸೇರಿತ್ತು. ಆ ರಾಜ್ಯಕ್ಕೆಂದೇ ರೋಮ್ ನಗರವು ನೇಮಿಸಿದ ಪ್ರಥಮ ಧರ್ಮಾಧ್ಯಕ್ಷರು ಯುರೋಪಿನವರಾಗಿರಲಿಲ್ಲ. ನಮ್ಮ ನೆರೆಯ ಗೋವೆಯ ಮಣ್ಣಿನ ಮಗನಾಗಿದ್ದರು.

ಮಾತೇವುಸ್ ದೆ ಕಾಸ್ತ್ರೊ ಅವರು ಸುಮಾರು 1594ರಲ್ಲಿ ಗೋವೆಯ ದಿವಾಡಿ ದ್ವೀಪದ ಬ್ರಾಹ್ಮಣ ಮೂಲದ ಕ್ರೈಸ್ತ ಮನೆತನದಲ್ಲಿ ಜನಿಸಿದರು. ಫ್ರಾನ್ಸಿಸ್ಕನ್ ಗುರುಗಳ ಬಳಿ ವಿದ್ಯಾಭ್ಯಾಸ ಮಾಡಿ ಗುರುದೀಕ್ಷೆಯನ್ನು ಅಪೇಕ್ಷಿಸಿದರು. ಗೋವೆಯ ಮಹಾಧರ್ಮಾಧ್ಯಕ್ಷರು ಅದನ್ನು ನಿರಾಕರಿಸಿದರು. ಅಂದಿನ ಗೋವೆಯಲ್ಲಿ ಹಿಂದೂಗಳ ಆಚರಣೆಗಳನ್ನು ನಿಷೇಧಿಸುವ ಶಾಸನಗಳಿದ್ದವು. 1560ರಿಂದ ಇನ್‌ಕ್ವಿಸಿಷನ್ ನ್ಯಾಯಾಲಯವೂ ನಡೆದಿತ್ತು. ಆದರೆ ಕ್ರೈಸ್ತಧರ್ಮವನ್ನು ಸ್ವೀಕರಿಸಿದವರಿಗೂ ಸಮಾನತೆ ಲಭಿಸಲಿಲ್ಲ. ಸಂನ್ಯಾಸ ಸಂಘಗಳ ಬಾಗಿಲು ದೇಶೀಯರಿಗೆ ಮುಚ್ಚಿತ್ತು.

ಎದೆಗುಂದದ ಆ ತರುಣನು ಭೂಮಾರ್ಗವಾಗಿ ಪ್ರಯಾಣ ಬೆಳೆಸಿ 1625ರಲ್ಲಿ ರೋಮ್ ತಲುಪಿದನು. ಧರ್ಮಪ್ರಚಾರಕ್ಕಾಗಿ 1622ರಲ್ಲಿ ಸ್ಥಾಪಿತವಾಗಿದ್ದ ಪ್ರೊಪಗಾಂದಾ ಫಿದೆ ಎಂಬ ಸಂಸ್ಥೆಯು ದೇಶೀಯ ಗುರುಗಳನ್ನು ಬೆಳೆಸಬೇಕೆಂದು ಸಂಕಲ್ಪಿಸಿತ್ತು. ಅದರ ಕಾರ್ಯದರ್ಶಿ ಫ್ರಾಂಚೆಸ್ಕೊ ಇಂಗೋಲಿ ಅವರ ಬೆಂಬಲದಿಂದ ಮಾತೇವುಸರು ರೋಮಿನಲ್ಲಿಯೇ ಗುರುಪಟ್ಟ ಪಡೆದರು. 1637ರಲ್ಲಿ ಎಂಟನೆಯ ಅರ್ಬನ್ ಪೋಪರ ಕಾಲದಲ್ಲಿ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾಗಿ, ಇದಲ್ಕಾನ್ ಪ್ರಾಂತದ ಪ್ರೇಷಿತ ಪ್ರತಿನಿಧಿಯಾಗಿ ನೇಮಕಗೊಂಡರು. ಆದಿಲ್ ಖಾನ್ ಎಂಬ ಹೆಸರನ್ನು ಪೋರ್ಚುಗೀಸರು ಉಚ್ಚರಿಸುತ್ತಿದ್ದ ಬಗೆಯೇ ಇದಲ್ಕಾನ್.

ಆದರೆ ಪಾದ್ರುವಾದೋ ಎಂಬ ಕಟ್ಟಳೆ ಅವರಿಗೆ ಅಡ್ಡಿಯಾಯಿತು. ಪೂರ್ವದೇಶಗಳಲ್ಲಿ ಧರ್ಮಾಧ್ಯಕ್ಷರನ್ನು ಸೂಚಿಸುವ ಹಾಗೂ ಧರ್ಮಪ್ರಚಾರವನ್ನು ನಿಯಂತ್ರಿಸುವ ಅಧಿಕಾರವನ್ನು ಹಿಂದಿನ ಪೋಪರುಗಳು ಪೋರ್ಚುಗಲ್ ದೊರೆಗೆ ವಹಿಸಿದ್ದರು. ದೊರೆಯ ಸಮ್ಮತಿಯಿಲ್ಲದೆ ಬಂದ ಪತ್ರಗಳನ್ನು ಗೋವೆಯ ಅಧಿಕಾರಿಗಳು ಮಾನ್ಯಮಾಡಲಿಲ್ಲ. ಆಗ ಮಾತೇವುಸರು ವಿಜಾಪುರದ ಸೀಮೆಯೊಳಗಿದ್ದ ಡಿಚೋಲಿಯಲ್ಲಿ ನೆಲೆಸಿದರು. ಗೋಲಗುಮ್ಮಟವನ್ನು ಕಟ್ಟಿಸಿದ ಮಹಮ್ಮದ್ ಆದಿಲಶಾಹನ ರಾಜ್ಯದಲ್ಲಿ ಅವರಿಗೆ ದೇವಾಲಯ ಕಟ್ಟಲು ಅವಕಾಶ ದೊರೆಯಿತು. ಅಲ್ಲಿ ಅವರು ದೇಶೀಯ ತರುಣರಿಗೆ ಗುರುದೀಕ್ಷೆಯನ್ನೂ ನೀಡಿದರು. ಕ್ರೈಸ್ತ ದೊರೆಯ ನಾಡಿನಲ್ಲಿ ನಿರಾಕೃತರಾದ ಧರ್ಮಾಧ್ಯಕ್ಷರಿಗೆ ಮುಸಲ್ಮಾನ ಸುಲ್ತಾನನ ನಾಡು ಆಶ್ರಯವಿತ್ತದ್ದು ಚರಿತ್ರೆಯ ಸೋಜಿಗವೇ ಸರಿ.

ಅವರ ಜೀವನ ನಿಷ್ಕಳಂಕವೆಂದು ಹೇಳುವುದು ಸತ್ಯಕ್ಕೆ ಅಪಚಾರವಾದೀತು. ಅವರ ಸ್ವಭಾವ ಉಗ್ರವಾಗಿತ್ತು. 1653ರಲ್ಲಿ ಬರೆದ ಬ್ರಾಹ್ಮಣರ ದರ್ಪಣ ಎಂಬ ಕೃತಿಯಲ್ಲಿ ಪೋರ್ಚುಗೀಸರನ್ನು ಕಟುವಾಗಿ ಖಂಡಿಸಿದರು. 1654ರಲ್ಲಿ ವಿಜಾಪುರದ ಸೇನೆ ಗೋವೆಯ ಮೇಲೆ ಏರಿಹೋದಾಗ, ಅದಕ್ಕೆ ಪ್ರಚೋದನೆ ನೀಡಿದರೆಂಬ ಆರೋಪ ಅವರ ಮೇಲೆ ಬಂತು. ಕಡೆಗೆ ಭಾರತವನ್ನು ತೊರೆದು ರೋಮ್ ಸೇರಿ, 1677ರಲ್ಲಿ ಅಲ್ಲಿಯೇ ಪ್ರಭುವಿನ ಸನ್ನಿಧಿ ಸೇರಿದರು.

ಅವರ ಬಾಳು ವ್ಯರ್ಥವಾಗಲಿಲ್ಲ. ದೇಶೀಯ ಗುರುಗಳನ್ನು ರೂಪಿಸಬೇಕು, ಜನರ ಆಚಾರಗಳನ್ನು ಅನಾವಶ್ಯಕವಾಗಿ ಕೆಡಿಸಬಾರದೆಂದು ಪ್ರೊಪಗಾಂದಾ ಸಂಸ್ಥೆಯು 1659ರಲ್ಲಿ ತನ್ನ ಪ್ರತಿನಿಧಿಗಳಿಗೆ ಆದೇಶವಿತ್ತಿತು. ಅವರ ಬಂಧು ತೋಮಸ್ ದೆ ಕಾಸ್ತ್ರೊ ಅವರು ಧರ್ಮಾಧ್ಯಕ್ಷರಾಗಿ ಕನ್ನಡ ಕರಾವಳಿಯಲ್ಲಿ ಸೇವೆ ಸಲ್ಲಿಸಿದರು. 1923ರಲ್ಲಿ ತಿಬುರ್ತಿಯುಸ್ ರೋಚ್ ಅವರು ತೂತುಕುಡಿಯ ಧರ್ಮಾಧ್ಯಕ್ಷರಾದಾಗ ಮಾತೇವುಸರ ಕನಸು ಮತ್ತೆ ಚಿಗುರಿತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಸರ್ವರಿಗೂ ಧರ್ಮಸ್ವಾತಂತ್ರ್ಯವನ್ನು ಹಕ್ಕಾಗಿ ನೀಡಿತು.

ಪ್ರಿಯ ವಾಚಕರೇ, ಇಂದು ನಮ್ಮವರೇ ಆದ ಗುರುಗಳು ನಮ್ಮ ನುಡಿಯಲ್ಲಿ ಬಲಿಪೂಜೆ ಅರ್ಪಿಸುವಾಗ, ಅದನ್ನು ಬಯಸಿ ಬಾಗಿಲಿನಿಂದ ಬಾಗಿಲಿಗೆ ಅಲೆದ ಈ ಹಿರಿಯರನ್ನು ಒಮ್ಮೆ ನೆನೆಯೋಣ. ನಮ್ಮ ದೇವಾಲಯದ ಬಾಗಿಲು ಯಾರಿಗೂ ಮುಚ್ಚದಿರಲಿ.