ವಿಜ್ಞಾನವೂ ವೇಷವೂ: ಶಿವರಾಮ ಕಾರಂತರ ಬಾಳಿನ ಎರಡು ಒಲವುಗಳು

ನಮ್ಮ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಭೌತವಿಜ್ಞಾನವನ್ನು ಅಭ್ಯಾಸ ಮಾಡುವ ಹುಡುಗನೊಬ್ಬ ದೊಡ್ಡಾಟದ ರಾಕ್ಷಸನ ವೇಷ ಹಾಕಿದ. ಕಿರೀಟ, ಭುಜಕೀರ್ತಿ, ಎದೆಹಾರ ಎಲ್ಲವನ್ನೂ ರಟ್ಟು, ಬೇಗಡೆ, ಬಣ್ಣದ ಕಾಗದಗಳಿಂದ ತಾನೇ ಮಾಡಿಕೊಂಡಿದ್ದ. ಸಭೆ ಮೆಚ್ಚಿ ಚಪ್ಪಾಳೆ ತಟ್ಟಿತು. ಮರುದಿನ ಅಧ್ಯಾಪಕರ ಕೋಣೆಯಲ್ಲಿ ಮಾತ್ರ ಬೇರೆ ಮಾತು ಕೇಳಿಬಂದಿತು. ವಿಜ್ಞಾನ ಕಲಿಯುವವನಿಗೆ ಈ ಕೋರೆಹಲ್ಲಿನ ಹುಚ್ಚು ಏಕೆ, ಎರಡು ವಾರಗಳನ್ನು ಹಾಳುಮಾಡಿಕೊಂಡನಲ್ಲ ಎಂದು ಕೆಲವರು ಮರುಗಿದರು. ಆ ಮಾತು ಹುಡುಗನ ಕಿವಿಗೂ ಬಿದ್ದಿರಬೇಕು. ಸಂಜೆ ನನ್ನಲ್ಲಿಗೆ ಬಂದು, ತಾನು ಮಾಡಿದ್ದು ತಪ್ಪೇ ಎಂದು ಕೇಳಿದ. ಆಗ ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಕಪಾಟಿನಲ್ಲಿದ್ದ ಶಿವರಾಮ ಕಾರಂತರ ಪುಸ್ತಕಗಳ ಸಾಲನ್ನು ನೋಡಿದಾಗ ಉತ್ತರ ಅಲ್ಲಿಯೇ ಇದೆಯೆನಿಸಿತು. ಆ ಸಾಲಿನಲ್ಲಿ ವಿಜ್ಞಾನದ ಸಂಪುಟಗಳೂ ಯಕ್ಷಗಾನದ ಗ್ರಂಥವೂ ಒಂದನ್ನೊಂದು ಒತ್ತಿಕೊಂಡು ನಿಂತಿದ್ದವು.

ಕಾರಂತರನ್ನು ಕಾದಂಬರಿಕಾರರೆಂದು ಅರಿಯದ ಕನ್ನಡಿಗನಿಲ್ಲ. ಚೋಮನನ್ನೂ ಮೂಕಜ್ಜಿಯನ್ನೂ ನಾವು ತರಗತಿಗಳಲ್ಲಿ ಪಾಠ ಹೇಳಿದ್ದೇವೆ. ಪರೀಕ್ಷೆಗಳಲ್ಲಿ ಪ್ರಶ್ನೆ ಕೇಳಿದ್ದೇವೆ. ಆದರೆ ಅವರ ದೀರ್ಘ ಬಾಳಿನ ಉದ್ದಕ್ಕೂ ಹರಿದ ಎರಡು ಒಲವುಗಳನ್ನು ಜೊತೆಯಾಗಿ ನೋಡಿದವರು ಕಡಿಮೆ. ಒಂದು, ಜಗತ್ತು ಹೇಗೆ ನಡೆಯುತ್ತದೆಂದು ತಿಳಿಯುವ ವಿಜ್ಞಾನದ ಒಲವು. ಇನ್ನೊಂದು, ಇಲ್ಲದ ಜಗತ್ತನ್ನು ಬಣ್ಣ ಬಟ್ಟೆಗಳಿಂದ ಕಣ್ಣೆದುರು ನಿಲ್ಲಿಸುವ ವೇಷದ ಒಲವು. ಇವೆರಡೂ ಒಂದೇ ಮನಸ್ಸಿನಲ್ಲಿ ಹೇಗೆ ಬಾಳಿದವು ಎಂಬುದೇ ಈ ಲೇಖನದ ವಿಷಯ.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ಕೋಟ, ಮಂದಾರ್ತಿ, ಮಾರಣಕಟ್ಟೆಗಳ ಆ ಸೀಮೆ ಬಡಗುತಿಟ್ಟು ಯಕ್ಷಗಾನದ ತವರು. ಕೊಯ್ಲು ಮುಗಿದ ಗದ್ದೆಯಲ್ಲಿ ನಾಲ್ಕು ಕಂಬ ನೆಟ್ಟು ಮಾವಿನ ತೋರಣ ಕಟ್ಟಿದರೆ ರಂಗಸ್ಥಳ ಸಿದ್ಧ. ತುಸು ದೂರದಲ್ಲಿ ಚೌಕಿ. ಅಲ್ಲಿ ಹಣತೆಯ ಬೆಳಕಿನಲ್ಲಿ ಕುಳಿತ ರೈತನೊಬ್ಬ ಮುಖಕ್ಕೆ ಅರದಾಳ, ಇಂಗಳೀಕ, ಕಾಡಿಗೆಗಳನ್ನು ಬಳಿದುಕೊಂಡು, ಅಕ್ಕಿಹಿಟ್ಟು ಸುಣ್ಣಗಳ ಚಿಟ್ಟಿಯನ್ನು ಚುಕ್ಕೆಚುಕ್ಕೆಯಾಗಿ ಇಟ್ಟುಕೊಂಡು, ಹಲವು ತಾಸುಗಳ ಬಳಿಕ ರಾಕ್ಷಸನಾಗಿ ಏಳುತ್ತಾನೆ. ಚೆಂಡೆಯ ಸದ್ದಿಗೆ ದೀವಟಿಗೆಯ ಬೆಳಕಿನಲ್ಲಿ ಅವನು ಅಬ್ಬರಿಸಿ ಬಂದಾಗ ಮುಂದಿನ ಸಾಲಿನ ಮಕ್ಕಳು ತಾಯಂದಿರ ಸೆರಗಿಗೆ ಸರಿಯುತ್ತಾರೆ. ಇಂತಹ ಇರುಳುಗಳ ನಾಡಿನಲ್ಲಿ ಕಾರಂತರ ಎಳೆತನ ಕಳೆಯಿತು.

ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದ ತರುಣ 1920ರ ದಶಕದ ಆರಂಭದಲ್ಲಿ ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಓದನ್ನು ಬಿಟ್ಟರು. ಅಲ್ಲಿಂದ ಮುಂದೆ ಪದವಿಯ ಹಂಗಿಲ್ಲದೆ ತಾವೇ ತಮಗೆ ಗುರುವಾದರು. ಖಾದಿಯ ಪ್ರಚಾರ, ಸಮಾಜ ಸುಧಾರಣೆ, 'ವಸಂತ' ಎಂಬ ಪತ್ರಿಕೆಯ ಸಂಪಾದನೆ, ನಾಟಕ, ನೃತ್ಯ, ಚಿತ್ರಕಲೆ ಎಂದು ಒಂದಾದ ಮೇಲೊಂದನ್ನು ಹಿಡಿದರು. 1930ರ ಸುಮಾರಿಗೆ ಕ್ಯಾಮರಾ ಹಿಡಿದು ಮೂಕಿ ಚಿತ್ರಗಳನ್ನೂ ತೆಗೆದರು. ಮುಂದೆ ಬರೆದ ಆತ್ಮಕಥೆಗೆ ಅವರು ಇಟ್ಟ ಹೆಸರು 'ಹುಚ್ಚು ಮನಸ್ಸಿನ ಹತ್ತು ಮುಖಗಳು'. ಹತ್ತು ಮುಖವೆಂದೊಡನೆ ಯಕ್ಷಗಾನದ ನಾಡಿನವರಿಗೆ ರಾವಣ ನೆನಪಾಗದಿರುವನೆ?

ಪುತ್ತೂರಿನಲ್ಲಿ ನೆಲೆಸಿದ ಮೇಲೆ ಅಲ್ಲಿಯ ಗುಡ್ಡದ ಮೇಲೆ ಬಾಲವನವೆಂಬ ತಮ್ಮ ಪ್ರಯೋಗಶಾಲೆಯನ್ನು ಕಟ್ಟಿದರು. ಪ್ರಯೋಗಶಾಲೆ ಎಂದದ್ದು ಬರಿಯ ಅಲಂಕಾರಕ್ಕಲ್ಲ. ಮಕ್ಕಳು ಆಡುತ್ತ, ಹಾಡುತ್ತ, ವೇಷ ಹಾಕುತ್ತ, ಗಿಡಮರ ನೋಡುತ್ತ ಕಲಿಯಬಹುದೆಂಬ ನಂಬಿಕೆಯನ್ನು ಅವರು ಅಲ್ಲಿ ಪರೀಕ್ಷೆಗೆ ಒಡ್ಡಿದರು. 1936ರಲ್ಲಿ ಜಾತಿಯ ಕಟ್ಟನ್ನು ಮೀರಿ ಲೀಲಾ ಅವರನ್ನು ಮದುವೆಯಾದರು. ಅದೇ ವರ್ಷ ಮೂರು ಸಂಪುಟಗಳ 'ಬಾಲಪ್ರಪಂಚ' ಹೊರಬಂದಿತು. ಕನ್ನಡದ ಮಗುವಿಗೆ ನಕ್ಷತ್ರ, ಕಡಲು, ಪ್ರಾಣಿ, ಯಂತ್ರಗಳ ಸುದ್ದಿಯನ್ನು ಅದರ ಮಾತಿನಲ್ಲೇ ತಿಳಿಸುವ ವಿಶ್ವಕೋಶವನ್ನು ಒಬ್ಬನೇ ಮನುಷ್ಯ ಬರೆಯಬಹುದೆಂದು ಅಂದು ಯಾರು ಎಣಿಸಿದ್ದರು? ಪಾರಿಭಾಷಿಕ ಪದಗಳೇ ಇಲ್ಲದ ಕಾಲವದು. ಹಲವೆಡೆ ಪದವನ್ನು ಹುಟ್ಟಿಸಿಕೊಂಡೇ ವಿಷಯವನ್ನು ಹೇಳಬೇಕಾಗಿತ್ತು.

ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಮಕ್ಕಳು ದೊಡ್ಡವರಾದ ಮೇಲೆ ಓದಲೆಂಬಂತೆ 1959ರಿಂದ 1964ರವರೆಗೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನು ಹೊರತಂದರು. ರೇಚಲ್ ಕಾರ್ಸನ್ ಎಂಬ ಅಮೆರಿಕದ ವಿಜ್ಞಾನಿ ಕಡಲನ್ನು ಕುರಿತು ಬರೆದ ಗ್ರಂಥವನ್ನೂ ಕನ್ನಡಕ್ಕೆ ತಂದರು. ಅವರ ಕೈಯಲ್ಲಿ ಯಾವ ವಿಶ್ವವಿದ್ಯಾಲಯದ ವಿಜ್ಞಾನ ಪದವಿಯೂ ಇರಲಿಲ್ಲ. ಇದ್ದದ್ದು ಅಭಿಮಾನಿಯೊಬ್ಬನ ತೀರದ ಕುತೂಹಲ. ವಿದ್ವಾಂಸನು ತನ್ನ ಶಾಸ್ತ್ರವನ್ನು ಬಲ್ಲ. ಅಭಿಮಾನಿಯಾದರೋ ಅದನ್ನು ಪ್ರೀತಿಸುತ್ತಾನೆ, ತನ್ನ ಸುಖದಲ್ಲಿ ನಾಲ್ಕು ಜನರನ್ನು ಪಾಲುಗಾರರನ್ನಾಗಿ ಮಾಡದೆ ಅವನಿಗೆ ನಿದ್ದೆ ಬಾರದು.

ಇನ್ನು ವೇಷದ ಕಡೆಗೆ ಬರೋಣ. 1930ರ ದಶಕದಿಂದಲೇ ಕಾರಂತರು ಯಕ್ಷಗಾನದ ಶೋಧನೆಗೆ ತೊಡಗಿದರು. ಹಳ್ಳಿ ಹಳ್ಳಿ ತಿರುಗಿ ಹಳೆಯ ಭಾಗವತರನ್ನು ಕಂಡರು. ತಾಳೆಗರಿಯ ಪ್ರಸಂಗಗಳನ್ನು ಹುಡುಕಿದರು. ಮರೆತುಹೋಗುತ್ತಿದ್ದ ರಾಗ, ಕುಣಿತ, ಬಣ್ಣಗಾರಿಕೆಗಳನ್ನು ಗುರುತು ಹಾಕಿಕೊಂಡರು. ಆ ಹೊತ್ತಿಗೆ ಕಂಪನಿ ನಾಟಕಗಳ ಮೋಹ ಯಕ್ಷಗಾನದ ಚೌಕಿಯೊಳಕ್ಕೂ ನುಗ್ಗಿತ್ತು. ಹಗುರವಾದ ಮರದಲ್ಲಿ ಕೆತ್ತಿ ಬೇಗಡೆ ಹೊದಿಸಿದ ಆಭರಣಗಳ ಜಾಗಕ್ಕೆ ಮಖಮಲ್ಲು, ಮಿಣಿಮಿಣಿ ಬಿಲ್ಲೆಗಳು ಬಂದಿದ್ದವು. ಕೆಂಪು, ಹಳದಿ, ಕಪ್ಪು ಚೌಕುಳಿಯ ಕಸೆಸೀರೆ ಮೂಲೆಗೆ ಸರಿದಿತ್ತು. ದ್ರೌಪದಿ ಪೇಟೆಯ ಗಿರಣಿ ಸೀರೆ ಉಟ್ಟು ನೆರೆಮನೆಯ ಗೃಹಿಣಿಯಂತೆ ರಂಗಕ್ಕೆ ಬರುತ್ತಿದ್ದಳು.

ಇದನ್ನು ಕಂಡು ಕಾರಂತರು ಸಿಡಿದರು. ಹಳೆಯದೆಲ್ಲ ಪವಿತ್ರವೆಂಬ ಭಾವನೆ ಅವರದಲ್ಲ. ದೇವರು, ಆಚಾರಗಳ ವಿಷಯದಲ್ಲಿ ಅವರಷ್ಟು ನಿಷ್ಠುರವಾಗಿ ಪ್ರಶ್ನಿಸಿದವರು ಕಡಿಮೆ. ಅವರ ಆಕ್ಷೇಪ ಬೇರೆ. ಯಕ್ಷಗಾನದ ಜೀವವೇ ಅದ್ಭುತರಸವೆಂದು ಅವರು ತಿಳಿದಿದ್ದರು. ದೇವ, ದಾನವ, ಯಕ್ಷ, ಕಿನ್ನರರ ಆ ಲೋಕ ನಮ್ಮ ದಿನನಿತ್ಯದ ಲೋಕವಲ್ಲ. ಅದರ ಜನರ ತಲೆಯುಡುಗೆ, ಹೆಗಲು, ನಡಿಗೆ, ನುಡಿ ಎಲ್ಲವೂ ಬೇರೆಯಾಗಿರಬೇಕು. ಎಸಳಿನಾಕಾರದ ಕೇದಗೆ ಮುಂದಲೆ, ಬೃಹತ್ತಾದ ಮುಂಡಾಸು, ಅಗಲಿಸಿದ ಭುಜಕೀರ್ತಿ ಇವೆಲ್ಲ ಮನುಷ್ಯನ ಆಕಾರವನ್ನೇ ಹಿಗ್ಗಿಸಿ ಅವನನ್ನು ಮನುಷ್ಯನಲ್ಲದವನನ್ನಾಗಿ ಮಾಡುವ ಸಾಧನಗಳು. ಗಿರಣಿ ಸೀರೆ ಒಂದು ಬಂದರೆ ಸಾಕು, ಕಟ್ಟಿದ ಲೋಕ ಕುಸಿಯುತ್ತದೆ. ಆದ್ದರಿಂದ ಹಳೆಯ ವೇಷಗಳನ್ನು ಅಭ್ಯಸಿಸಿ ಬಣ್ಣಗಳ ಹೊಂದಿಕೆಯನ್ನು ತಿದ್ದಿದರು. ಸ್ತ್ರೀವೇಷಕ್ಕೂ ಆ ಲೋಕಕ್ಕೆ ಒಪ್ಪುವ ಉಡುಗೆಯನ್ನು ರೂಪಿಸಿದರು. ಅವರ 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಅದರ ಹಿಂದಿನ ವರ್ಷ ಆ ಗೌರವ ನಮ್ಮ ಧಾರವಾಡದ ಬೇಂದ್ರೆಯವರಿಗೆ ಸಂದಿತ್ತು.

ಇಲ್ಲಿ ದೂರದ ನಾಡಿನ ಒಂದು ಸಂಗತಿಯನ್ನು ಹೇಳಿದರೆ ಅಪ್ರಸ್ತುತವಾಗದು. 1939ರ ಜುಲೈ ತಿಂಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ ವಿಜ್ಞಾನ ಕಥೆಗಳ ಅಭಿಮಾನಿಗಳ ಮೊದಲ ವಿಶ್ವಸಮ್ಮೇಳನ ಸೇರಿತು. ಲಾಸ್ ಏಂಜಲೀಸಿನಿಂದ ಬಂದ ಫಾರೆಸ್ಟ್ ಆಕರ್‌ಮನ್ ಹಾಗೂ ಮರ್ಟಲ್ ಡಗ್ಲಸ್ ಎಂಬಿಬ್ಬರು ಮುಂಬರುವ ಕಾಲದ ಜನರ ಉಡುಪು ತೊಟ್ಟು ಅಲ್ಲಿಗೆ ಹೋದರು. ಆ ಉಡುಪುಗಳನ್ನು ಡಗ್ಲಸ್ ತಾವೇ ಹೊಲಿದಿದ್ದರು. ಎಚ್. ಜಿ. ವೆಲ್ಸ್ ಅವರ ಕಲ್ಪನೆಯನ್ನು ಆಧರಿಸಿ 1936ರಲ್ಲಿ ತೆರೆಗೆ ಬಂದ ಚಲನಚಿತ್ರವೊಂದು ಅವಕ್ಕೆ ಸ್ಫೂರ್ತಿ. ಮುಂದಿನ ವರ್ಷ ಶಿಕಾಗೋದಲ್ಲಿ ಅಂಥ ವೇಷಗಳ ಕೂಟವೇ ಏರ್ಪಟ್ಟಿತು. ಇಂದು ಜಗತ್ತಿನ ಅನೇಕ ನಗರಗಳಲ್ಲಿ ಸಾವಿರಾರು ಜನ ತಮಗೆ ಪ್ರಿಯವಾದ ಕಥೆಯ ಪಾತ್ರಗಳಾಗಿ ಸೇರಿ ನಲಿಯುವ ಪದ್ಧತಿಯ ಬೇರುಗಳಲ್ಲಿ ಇದೊಂದು. ನ್ಯೂಯಾರ್ಕಿನವರು ಮುಂದಿನ ಕಾಲವನ್ನು ಉಟ್ಟರು, ನಮ್ಮ ಕರಾವಳಿಯವರು ಹಿಂದಿನ ಯುಗವನ್ನು ಉಟ್ಟರು. ದಿಕ್ಕು ಬೇರೆಯಾದರೂ ಇಲ್ಲದ ಲೋಕವೊಂದನ್ನು ಓದಿ ಕೇಳಿ ತಣಿಯದೆ ಮೈಮೇಲೆ ಧರಿಸಿ ನೋಡಬೇಕೆಂಬ ಹಂಬಲ ಒಂದೇ.

ಕಾರಂತರ ಸುಧಾರಣೆಗೆ ವಿರೋಧವಿರಲಿಲ್ಲವೆಂದಲ್ಲ. ಇರುಳಿಡೀ ನಡೆಯುವ ಆಟವನ್ನು ಅವರು ಮೊಟಕುಗೊಳಿಸಿದರು. ತಮ್ಮ ಯಕ್ಷಗಾನ ಬ್ಯಾಲೆಯಲ್ಲಿ ಮಾತನ್ನು ತೆಗೆದು ಹಾಡು ಕುಣಿತಗಳಿಂದಲೇ ಕಥೆ ನಡೆಸಿದರು. ಹಿಮ್ಮೇಳಕ್ಕೆ ಪಿಟೀಲನ್ನೂ ಸ್ಯಾಕ್ಸೋಫೋನನ್ನೂ ತಂದರು. ವೇಷದಲ್ಲಿ ಹಳೆಯದನ್ನೇ ಹಿಡಿದವರು ವಾದ್ಯದಲ್ಲಿ ಪರದೇಶದ್ದನ್ನು ತಂದದ್ದೇಕೆಂದು ಕೇಳಿದವರುಂಟು. ಅರ್ಥಗಾರಿಕೆಯ ಸೊಗಸನ್ನು ಬಲ್ಲವರಿಗೆ ಮಾತಿಲ್ಲದ ಆಟ ಸಪ್ಪೆಯೆನಿಸಿತು. ಈ ಆಕ್ಷೇಪದಲ್ಲಿ ಹುರುಳಿದೆಯೆಂದೇ ನನ್ನ ಭಾವನೆ. ಸಂಧಾನಕ್ಕೆ ಬಂದ ಕೃಷ್ಣ ಮಾತನಾಡದೆ ಕುಣಿದೇ ಹೋದರೆ ಹಳ್ಳಿಯ ಪ್ರೇಕ್ಷಕ ಏನನ್ನೋ ಕಳೆದುಕೊಂಡಂತೆಯೇ ಸರಿ. ಆದರೆ ಕನ್ನಡ ತಿಳಿಯದ ಪ್ರೇಕ್ಷಕರ ಮುಂದೆ, ಹೊರನಾಡುಗಳ ರಂಗಮಂದಿರಗಳಲ್ಲಿ, ಆ ಬಣ್ಣ ಕುಣಿತಗಳು ತಮ್ಮ ಶಕ್ತಿಯಿಂದಲೇ ನಿಲ್ಲಬಲ್ಲವೆಂಬುದನ್ನು ಅವರು ತೋರಿಸಿಕೊಟ್ಟರೆಂಬುದನ್ನೂ ಮರೆಯಲಾಗದು. 1970ರ ದಶಕದ ಆರಂಭದಲ್ಲಿ ಉಡುಪಿಯ ಎಂ. ಜಿ. ಎಂ. ಕಾಲೇಜಿನ ಆಶ್ರಯದಲ್ಲಿ ಹುಟ್ಟಿದ ಯಕ್ಷಗಾನ ಕೇಂದ್ರಕ್ಕೆ ಅವರ ಮಾರ್ಗದರ್ಶನ ದೊರೆಯಿತು. ಪ್ರಾಯ ಏರಿದ ಮೇಲೂ ಅವರು ಕುರ್ಚಿಯಲ್ಲಿ ಕುಳಿತು ಅಪ್ಪಣೆ ಕೊಡುವ ನಿರ್ದೇಶಕರಾಗಲಿಲ್ಲ. ಎದ್ದು ಹೆಜ್ಜೆ ಹಾಕಿ ತೋರಿಸುವವರಾಗಿಯೇ ಉಳಿದರು.

ವಿಜ್ಞಾನವನ್ನು ಮಕ್ಕಳಿಗೆ ಉಣಬಡಿಸಿದ ಅದೇ ಕಾರಂತರು 1980ರ ದಶಕದಲ್ಲಿ ಕೈಗಾ ಅಣುಸ್ಥಾವರದ ವಿರುದ್ಧ ನಿಂತಾಗ ಹಲವರು ಬೆರಗಾದರು. ವಿಜ್ಞಾನದ ಮಿತ್ರನೇ ಶತ್ರುವಾದನೆ ಎಂದರು. ಕಾಳಿ ನದಿಯ ಕಾಡು, ಜನ, ಜೀವಜಾಲಗಳ ಮೇಲೆ ಬೀಳಬಹುದಾದ ಪರಿಣಾಮವನ್ನು ಕೇಳುವುದು ಅವರ ದೃಷ್ಟಿಯಲ್ಲಿ ವಿಜ್ಞಾನದ ಕೆಲಸವೇ ಆಗಿತ್ತು. 1989ರಲ್ಲಿ, ಎಂಬತ್ತೇಳರ ಹಿರಿಯ ವಯಸ್ಸಿನಲ್ಲಿ, ನಮ್ಮ ನೆರೆಯ ಉತ್ತರ ಕನ್ನಡದಿಂದ ಲೋಕಸಭೆಯ ಚುನಾವಣೆಗೆ ನಿಂತು ಸೋತರು. ಸ್ಥಾವರ ಮೇಲೆದ್ದಿತು, ಇಂದು ವಿದ್ಯುತ್ತನ್ನೂ ಕೊಡುತ್ತಿದೆ. ಅವರು ಎತ್ತಿದ ಪ್ರಶ್ನೆಗಳನ್ನು ಇಂದಿಗೂ ಕೇಳುವವರಿದ್ದಾರೆ. ಅದಕ್ಕೂ ಮೊದಲು, 1975ರ ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಅವರು ಪದ್ಮಭೂಷಣವನ್ನು ಹಿಂತಿರುಗಿಸಿದ್ದರು. ರಂಗದ ಮೇಲಿನ ಕಿರೀಟವನ್ನು ಅಷ್ಟು ಪ್ರೀತಿಸಿದ ಮನುಷ್ಯ ರಂಗದ ಹೊರಗಿನ ಕಿರೀಟವನ್ನು ಹಗುರವಾಗಿ ತೆಗೆದಿಟ್ಟರು.

ಉಳಿದ ಗೌರವಗಳು ಓದುಗರಿಗೆ ತಿಳಿದವೇ. 1955ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟು. 1977ರಲ್ಲಿ 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ ಜ್ಞಾನಪೀಠ. ಆ ಕಾದಂಬರಿಯಲ್ಲಿಯೂ ಇವೆರಡು ಒಲವುಗಳ ನೆರಳನ್ನು ಕಾಣಬಹುದು. ವಸ್ತುವನ್ನು ಮುಟ್ಟಿದೊಡನೆ ಅದರ ಹಿಂದಿನ ಕಾಲ ಕಣ್ಣಿಗೆ ಕಟ್ಟುವ ಅಜ್ಜಿ ಒಂದು ಕಡೆ, ಹಳೆಯ ಕುರುಹುಗಳನ್ನು ಹುಡುಕಿ ವಿಚಾರಿಸುವ ಮೊಮ್ಮಗ ಇನ್ನೊಂದು ಕಡೆ. ಅಜ್ಜಿಯ ದರ್ಶನವೂ ಮೊಮ್ಮಗನ ಶೋಧನೆಯೂ ಪರಸ್ಪರ ಹಗೆಯಾಗದೆ ಜಗಲಿಯ ಮೇಲೆ ಕುಳಿತು ಮಾತನಾಡುತ್ತವೆ. 1997ರ ಡಿಸೆಂಬರ್ 9ರಂದು, ತೊಂಬತ್ತೈದು ತುಂಬಿದ ಕಾರಂತರು ತೀರಿಕೊಂಡರು.

ಆ ಬಾಳಿನ ಅರ್ಥವನ್ನು ನಾನು ಹೀಗೆ ತಿಳಿದುಕೊಂಡಿದ್ದೇನೆ. ರಾಕ್ಷಸನಿದ್ದಾನೆಂದು ನಂಬುವವನು ಅವನಿಗೆ ಅಂಜುತ್ತಾನೆ. ಅವನಿಲ್ಲವೆಂದಷ್ಟೇ ಹೇಳುವವನು ಆ ಮಾತಿನೊಡನೆ ತನ್ನ ಕೆಲಸ ಮುಗಿಯಿತೆಂದು ಎದ್ದುಹೋಗುತ್ತಾನೆ. ಇಲ್ಲವೆಂದು ಬಲ್ಲವನೇ, ಇದ್ದರೆ ಹೇಗಿದ್ದಾನು ಎಂದು ಯೋಚಿಸಿ, ಅವನ ಹುಬ್ಬಿಗೆ ಯಾವ ಬಣ್ಣ, ಹೆಗಲಿಗೆ ಎಷ್ಟು ಅಗಲ ಎಂದು ಲೆಕ್ಕ ಹಾಕಿ, ಅವನನ್ನು ಕಟ್ಟಿ ನಿಲ್ಲಿಸಿ ಸಂತೋಷಪಡಬಲ್ಲ. ಆ ಲೆಕ್ಕಕ್ಕೆ ವಿಜ್ಞಾನಿಯ ಶಿಸ್ತು ಬೇಕು. ಆ ಸಂತೋಷಕ್ಕೆ ಮಗುವಿನ ಮನಸ್ಸು ಬೇಕು. ಕಾರಂತರಲ್ಲಿ ಇವೆರಡೂ ಕಡೆಯವರೆಗೆ ಉಳಿದವು.

ಮರುವಾರ ಆ ಹುಡುಗನನ್ನು ಕರೆದು 'ಬಾಲಪ್ರಪಂಚ'ದ ಒಂದು ಸಂಪುಟವನ್ನೂ 'ಯಕ್ಷಗಾನ ಬಯಲಾಟ'ವನ್ನೂ ಅವನ ಕೈಗಿತ್ತೆ. ಎರಡನ್ನೂ ಒಬ್ಬರೇ ಬರೆದರೆ ಎಂದು ಹೆಸರನ್ನು ಮತ್ತೆ ಮತ್ತೆ ನೋಡಿದ. ಪುಸ್ತಕಗಳು ಇನ್ನೂ ಅವನಲ್ಲಿಯೇ ಇವೆ. ಮುಂದಿನ ಗ್ಯಾದರಿಂಗಿಗೆ ಯಾವ ವೇಷವೆಂದು ನಾನು ಕೇಳಿಲ್ಲ. ಭುಜಕೀರ್ತಿಗೆ ರಟ್ಟಿಗಿಂತ ಹಗುರವಾದ ಮರ ಎಲ್ಲಿ ಸಿಕ್ಕೀತೆಂದು ಅವನೇ ಮೊನ್ನೆ ಕೇಳಿಕೊಂಡು ಬಂದಿದ್ದ.