ಕೆರೆ ಕಟ್ಟಿದ ಶಿವಯೋಗಿ ಶ್ರೀ ಸಿದ್ಧರಾಮೇಶ್ವರರು

ಶ್ರೀಶೈಲದ ಈ ಗಿರಿಗೆ ಮಲ್ಲಯ್ಯನನ್ನು ಹುಡುಕಿಕೊಂಡು ಬಂದ ಕನ್ನಡದ ಶರಣರು ಹಲವರು. ಅಕ್ಕಮಹಾದೇವಿಯವರು ಇಲ್ಲಿನ ಕದಳಿಯಲ್ಲೇ ಐಕ್ಯರಾದರು. ಅದೇ 12ನೆಯ ಶತಮಾನದಲ್ಲಿ ಬಂದ ಇನ್ನೊಬ್ಬ ಬಾಲಕನನ್ನು ಮಾತ್ರ ಮಲ್ಲಯ್ಯ ಇಲ್ಲಿ ಇಟ್ಟುಕೊಳ್ಳಲಿಲ್ಲ, ಊರಿಗೆ ತಿರುಗಿ ಕಳಿಸಿದ. ಆತನೇ ಸೊನ್ನಲಿಗೆಯ ಸಿದ್ಧರಾಮ.

ಸೊನ್ನಲಿಗೆ ಅಂದರೆ ಈಗ ಮಹಾರಾಷ್ಟ್ರದಲ್ಲಿರುವ ಸೊಲ್ಲಾಪುರ. ತಂದೆ ಮುದ್ದುಗೌಡರು, ತಾಯಿ ಸುಗ್ಗವ್ವೆ. ಮಗ ಮಾತು ಕಡಿಮೆ, ದನ ಕಾಯುವ ಹುಡುಗ. ಒಂದು ದಿನ ಹೊಲದಲ್ಲಿ ಜಂಗಮನೊಬ್ಬ ಎದುರು ನಿಂತು, ತಾನು ಶ್ರೀಶೈಲದ ಮಲ್ಲಯ್ಯ ಅಂತ ಹೇಳಿ ಹಸಿವೆಗೆ ಬೇಡಿದನಂತೆ. ಮಜ್ಜಿಗೆ ಅನ್ನ ತರಲು ಹುಡುಗ ಮನೆಗೆ ಓಡಿ ಬರುವಷ್ಟರಲ್ಲಿ ಜಂಗಮ ಇಲ್ಲ. ಮಲ್ಲಯ್ಯಾ ಮಲ್ಲಯ್ಯಾ ಎಂದು ಅಳುತ್ತಾ ಯಾತ್ರಿಕರ ಜೊತೆ ಕೂಡಿ ಈ ಬೆಟ್ಟ ಹತ್ತಿದ. ಇಲ್ಲಿಯೂ ಕಾಣದಿದ್ದಾಗ ಕಮರಿಗೆ ಹಾರಲು ಹೊರಟ. ಆಗ ಮಲ್ಲಯ್ಯ ಕೈಹಿಡಿದು, ಸೊನ್ನಲಿಗೆಯನ್ನೇ ಶ್ರೀಶೈಲ ಮಾಡು ಎಂದು ಅಪ್ಪಣೆ ಕೊಟ್ಟು ಕಳಿಸಿದನೆಂದು ಪ್ರತೀತಿ. ಈ ಕಥೆಯನ್ನು ಮಹಾಕವಿ ರಾಘವಾಂಕ ಸಿದ್ಧರಾಮ ಚಾರಿತ್ರದಲ್ಲಿ ವಿಸ್ತಾರವಾಗಿ ಹಾಡಿದ್ದಾನೆ.

ಊರಿಗೆ ಮರಳಿದ ಸಿದ್ಧರಾಮರು ಅಲ್ಲಿ ಲಿಂಗಗಳನ್ನು ಸ್ಥಾಪಿಸಿದರು. ಜೊತೆಗೇ ಕೆರೆ ಅಗೆಯಲು ನಿಂತರು. ಅದು ಬರದ ಸೀಮೆ. ಮುಂಗಾರಿನ ಮೋಡ ಸಹ್ಯಾದ್ರಿಯಲ್ಲೇ ಸುರಿದು ಹಗುರಾಗಿ ಅಲ್ಲಿಗೆ ಬರುತ್ತದೆ. ಬಿದ್ದ ನಾಲ್ಕು ಹನಿಯೂ ನಿಲ್ಲದೆ ಹಳ್ಳ ಹಿಡಿದು, ಸೀನಾ, ಭೀಮಾ, ಕೃಷ್ಣೆ ಸೇರಿ, ಯಾತ್ರಿಕರು ಮೀಯುವ ಇದೇ ಪಾತಾಳಗಂಗೆಯನ್ನು ದಾಟಿ ಹೋಗುತ್ತದೆ. ಓಡುವ ನೀರನ್ನು ನಿಲ್ಲಿಸಿದರೆ ದನಕರುಗಳಿಗೆ ಕುಡಿಯಲು ಆಯಿತು, ನೆಲಕ್ಕೆ ಇಂಗಿ ಕೆಳಗಿನ ಬಾವಿಗಳಿಗೂ ಒರತೆ ಬಂತು. ಸಾವಿರಾರು ಮಂದಿ ಶಿಷ್ಯರು ಗುದ್ದಲಿ, ಬುಟ್ಟಿ ಹಿಡಿದು ದುಡಿದರೆಂದು ಪುರಾಣಗಳು ಹೇಳುತ್ತವೆ.

ಒಂದು ದಿನ ಕೆರೆಯ ಕೆಲಸ ನಡೆದಿರುವಾಗ ಅಲ್ಲಮಪ್ರಭುಗಳು ಬಂದರು. ಒಡ್ಡರಾಮ ಎಲ್ಲಿ ಅಂತ ಕೇಳಿದರು. ಗುರುವನ್ನು ಹೀಗಂದದ್ದಕ್ಕೆ ಶಿಷ್ಯರು ಸಿಟ್ಟಾಗಿ ಕಲ್ಲು ಬೀರಿದರು. ಸಿದ್ಧರಾಮರಿಗೂ ಕೋಪ ಬಂತು. ಆದರೆ ಪ್ರಭುಗಳ ಮಾತು ನಾಟಿತು. ಕೆರೆ ಕಟ್ಟುವುದು ತಪ್ಪಲ್ಲ, ನಾನು ಕಟ್ಟಿದೆ ಎನ್ನುವ ಹಮ್ಮು ಉಳಿದರೆ ಅದು ಒಳಗಿನ ಕೆರೆಯ ಹೂಳು ಎಂಬುದೇ ಆ ಪ್ರಸಂಗದ ತಾತ್ಪರ್ಯ. ಸಿದ್ಧರಾಮರು ಅವರ ಜೊತೆ ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರು. ಮುಂದೆ ಶೂನ್ಯಸಿಂಹಾಸನವನ್ನೂ ಏರಿದರು. ಅಷ್ಟು ಎತ್ತರಕ್ಕೆ ಏರಿದವರು ಕಡೆಗೆ ತಿರುಗಿ ಬಂದದ್ದು ತಮ್ಮ ಸೊನ್ನಲಿಗೆಗೇ.

ಅವರ ಸಮಾಧಿ ಸೊಲ್ಲಾಪುರದ ಕೆರೆಯ ನಡುವಿನ ಗುಡಿಯಲ್ಲಿದೆ. ಸುತ್ತಲೂ ನೀರು. ಪ್ರತಿ ವರ್ಷ ಮಕರ ಸಂಕ್ರಾಂತಿಗೆ ಅಲ್ಲಿ ನಂದಿಧ್ವಜಗಳ ದೊಡ್ಡ ಜಾತ್ರೆ ನಡೆಯುತ್ತದೆ. ಕಲ್ಲು ಮಣ್ಣಿನ ಕಾಯಕದ ಭೋವಿ ಜನ ಅವರನ್ನು ಕುಲಗುರುವೆಂದು ಪೂಜಿಸುತ್ತಾರೆ. ಒಡ್ಡರಾಮ ಎಂಬ ಮಾತು ಅಂದು ಬೈಗುಳವಾಗಿ ಕೇಳಿತ್ತು. ಅದೇ ಅವರ ದೊಡ್ಡ ಬಿರುದಾಯಿತು.

ಕೆರೆ ಒಮ್ಮೆ ಕಟ್ಟಿದರೆ ಮುಗಿಯಲಿಲ್ಲ. ಮೇಲಿನ ಹೊಲದ ಮಣ್ಣು ಪ್ರತಿ ಮಳೆಗೂ ಬಂದು ತುಂಬುತ್ತದೆ. ಬೇಸಿಗೆಯಲ್ಲಿ ಹೂಳೆತ್ತಬೇಕು. ಆ ಹೂಳು ಹೊಲಕ್ಕೆ ಒಳ್ಳೆಯ ಗೊಬ್ಬರ. ನೀರು ಬರುವ ಹಳ್ಳ ಒತ್ತುವರಿಯಾಗಬಾರದು, ತೂಬು ಕಟ್ಟಬಾರದು, ಹೆಚ್ಚಿನ ನೀರು ಕೋಡಿಯಲ್ಲಿ ಸರಾಗ ಹರಿಯಬೇಕು, ಏರಿ ಬಿರುಕು ಬಿಡಬಾರದು. ಒಬ್ಬರಿಂದ ಆಗುವ ಕೆಲಸವಲ್ಲ, ಊರು ಕೂಡಬೇಕು.

ಕಂಬಿ ಹೊತ್ತು, ಕಾಡು ದಾಟಿ ಬಂದ ಭಕ್ತರು ಮಲ್ಲಯ್ಯನ ದರ್ಶನವಾದ ಮೇಲೆ ಬೆಟ್ಟ ಇಳಿಯಲೇಬೇಕು. ಸಿದ್ಧರಾಮರೂ ಹಾಗೆಯೇ ಇಳಿದವರು. ಊರು ಮುಟ್ಟಿದ ಮೇಲೆ ಮನೆದೇವರಿಗೆ ಕಾಯಿ ಒಡೆದು, ಒಮ್ಮೆ ಊರ ಕೆರೆ ಏರಿಯ ಮೇಲೂ ನಡೆದು ಬನ್ನಿರಿ. ಮುಂದಿನ ಮಳೆಗೆ ಮುಂಚೆ ಅಲ್ಲಿಂದ ಒಂದು ಬುಟ್ಟಿ ಹೂಳು ಎತ್ತಿದರೂ ಅದು ಮಲ್ಲಯ್ಯನಿಗೆ ಸಲ್ಲುವ ಸೇವೆಯೇ.